ಎಎಂಸಿ (ಸಾಫ್ಟ್‌ವೇರ್‌ನ ವಾರ್ಷಿಕ ನಿರ್ವಹಣೆ ಶುಲ್ಕ) ಪ್ರತಿ ವರ್ಷ ಕಟ್ಟುತ್ತೇವೆ, ಕೇಳಿದ ಬದಲಾವಣೆ ಮಾತ್ರ ಬರಲ್ಲ. ಸಾಫ್ಟ್‌ವೇರ್ ಕಂಪನಿಯವರ ಹತ್ತಿರ ಕೆಲಸ ಮಾಡಿಸೋದು ಹೇಗೆ?

ಮಂಡಿ_ಲೆಕ್ಕ (ದಾವಣಗೆರೆ)

ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮದು ದಲಾಲಿ ಮಂಡಿ. ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದಿದೆ, ಹೆಸರು ಬೇಡ. ಕಂಪನಿ ಹೊರಗಿನದು, ಡೀಲರ್ ಇಲ್ಲಿಯವರು.

ನಾವು ಕೇಳುತ್ತಿರುವುದು ಎರಡೇ. ಒಂದು, ಮೆಕ್ಕೆಜೋಳದ ತೇವಕ್ಕೆ ಪಟ್ಟಿಯಲ್ಲಿ (ರೈತರಿಗೆ ಕೊಡುವ ಲೆಕ್ಕದ ಚೀಟಿಯಲ್ಲಿ) ಜಾಗ ಬೇಕು. ಅಕ್ಟೋಬರ್, ನವೆಂಬರ್‌ನಲ್ಲಿ ಮಾಲು ಹಸಿಯಾಗಿಯೇ ಬರುತ್ತದೆ. ಮೀಟರ್ ಹಾಕಿ ನೋಡಿ, ತೇವ ಜಾಸ್ತಿ ಇದ್ದರೆ ಕಳೆಯುತ್ತಾರೆ. ಈಗ ಅದನ್ನು ಕ್ಯಾಲ್ಕುಲೇಟರ್‌ನಲ್ಲಿ ಮಾಡಿ, ಉಳಿದ ತೂಕವನ್ನಷ್ಟೇ ಟೈಪ್ ಮಾಡುತ್ತೇವೆ. ರೈತರು "ಎಷ್ಟು ಕಳೆದ್ರಿ, ಎಲ್ಲಿ ಬರೆದಿದ್ದೀರಿ?" ಅಂದರೆ ತೋರಿಸಲು ಏನೂ ಇರಲ್ಲ. ಎರಡು, ಆ ಪಟ್ಟಿ ಕನ್ನಡದಲ್ಲಿ ಪ್ರಿಂಟ್ ಆಗಬೇಕು.

ಕೇಳಿದಾಗಲೆಲ್ಲ ಒಂದೇ ಉತ್ತರ: "ನೋಟ್ ಮಾಡ್ಕೊಂಡಿದ್ದೀವಿ ಸರ್, ನೆಕ್ಸ್ಟ್ ವರ್ಷನ್‌ನಲ್ಲಿ ಬರುತ್ತೆ." ವರ್ಷನ್ ಬರುತ್ತದೆ. ಬಣ್ಣ ಬದಲಾಗಿರುತ್ತದೆ, ಬಟನ್ ಎಡಗಡೆಯಿಂದ ಬಲಗಡೆಗೆ ಹೋಗಿರುತ್ತದೆ. ನಾವು ಕೇಳಿದ್ದು ಇರಲ್ಲ.

ಯಾರಾದರೂ ಹೀಗೆ ಕೇಳಿ ಮಾಡಿಸಿಕೊಂಡಿದ್ದೀರಾ?

ಸುಮ್ನೆ_ಓದೋನು

ಕೇಳೋದು ಬಿಡಿ. ಬೇರೆ ಸಾಫ್ಟ್‌ವೇರ್ ತಗೊಳ್ಳಿ.

ಮಂಡಿ_ಲೆಕ್ಕ

ಹಳೇ ಬಾಕಿ ಎಲ್ಲ ಇದರಲ್ಲೇ ಇದೆ ಸ್ವಾಮಿ. ರೈತರ ಖಾತೆ, ಖರೀದಿದಾರರ ಖಾತೆ, ಹಮಾಲಿ ಲೆಕ್ಕ. ಸೀಸನ್ ನಡುವೆ ಯಾರು ಬದಲಾಯಿಸುತ್ತಾರೆ? ಕಂಪನಿಯವರಿಗೂ ಇದು ಗೊತ್ತು. ಅವರ ಧೈರ್ಯವೇ ಅದು.

ಡೀಲರ್_ಪಿಜೆ (ದಾವಣಗೆರೆ)

ನಾನು ಪಿ.ಜೆ. ಬಡಾವಣೆಯಲ್ಲಿ ಅಕೌಂಟಿಂಗ್ ಸಾಫ್ಟ್‌ವೇರ್ ಮಾರುತ್ತೇನೆ. ನಿಮ್ಮ ಡೀಲರ್ ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ.

ನೀವು ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ ಗೊತ್ತಾ? ನೀವು ಸರ್ವಿಸ್ ಹುಡುಗನಿಗೆ ಫೋನ್ ಮಾಡುತ್ತೀರಿ. ಅವನು ಚೌಕಿಪೇಟೆಯಲ್ಲಿ ಯಾರದೋ ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚಿಕೊಂಡು ಕೂತಿರುತ್ತಾನೆ. "ಆಯ್ತು ಸರ್" ಅನ್ನುತ್ತಾನೆ. ಸಂಜೆ ನೆನಪಾದರೆ ಕಂಪನಿಯ ಪೋರ್ಟಲ್‌ನಲ್ಲಿ ಒಂದು ಸಾಲು ಹಾಕುತ್ತಾನೆ: "ಗ್ರಾಹಕರಿಗೆ ಬಿಲ್‌ನಲ್ಲಿ ಎಕ್ಸ್‌ಟ್ರಾ ಕಾಲಂ ಬೇಕು." ಅಷ್ಟೇ. ತೇವದ ಮಾತಿಲ್ಲ, ಮೆಕ್ಕೆಜೋಳದ ಮಾತಿಲ್ಲ. ಅಲ್ಲಿ ಅದನ್ನು ಓದುವವರು ಮೆಕ್ಕೆಜೋಳದ ರಾಶಿ ನೋಡಿರಲ್ಲ. ಎಕ್ಸ್‌ಟ್ರಾ ಕಾಲಂ ಈಗಾಗಲೇ ಇದೆಯಲ್ಲ, 'ರಿಮಾರ್ಕ್ಸ್' ಅಂತ? ಟಿಕೆಟ್ (ಪೋರ್ಟಲ್‌ನಲ್ಲಿ ಹಾಕಿದ ಆ ಬೇಡಿಕೆ) ಕ್ಲೋಸ್. ನಿಮ್ಮ ಮೊಬೈಲ್‌ಗೆ ಮೆಸೇಜ್ ಬರುತ್ತದೆ, "ನಿಮ್ಮ ಸಮಸ್ಯೆ ಬಗೆಹರಿದಿದೆ."

ಇನ್ನೊಂದು ವಿಷಯ, ಇದನ್ನು ಯಾವ ಡೀಲರೂ ಬಾಯಿಬಿಟ್ಟು ಹೇಳಲ್ಲ. ನಮಗೆ ದುಡ್ಡು ಬರುವುದು ಹೊಸ ಲೈಸೆನ್ಸ್‌ನಿಂದ, ರಿನ್ಯೂವಲ್‌ನಿಂದ. ನಿಮ್ಮ ಬೇಡಿಕೆಯ ಹಿಂದೆ ಬಿದ್ದು ಕಂಪನಿಗೆ ಹತ್ತು ಸಲ ಫೋನ್ ಮಾಡಿದರೆ ನಮಗೆ ಏನೂ ಸಿಗಲ್ಲ. ಹುಡುಗನ ಸಂಬಳವೂ ಹೆಚ್ಚಾಗಲ್ಲ. ಹಾಗಾಗಿ ಡೀಲರ್ ಕೈಯಲ್ಲಿ ಬಿಡಬೇಡಿ. ನೀವೇ ಬರೆದು, ನೇರವಾಗಿ ಕಂಪನಿಗೆ ಮೇಲ್ ಹಾಕಿ, ಡೀಲರ್‌ಗೆ ಕಾಪಿ ಕೊಡಿ.

ಕೋಟೆ_ಕೋಡರ್ (ಚಿತ್ರದುರ್ಗ, ಈಗ ಬೆಂಗಳೂರು)

ಡೀಲರ್ ಅಣ್ಣ ಹೇಳಿದ್ದು ನಿಜ. ನಾನು ಕಂಪನಿ ಕಡೆ ಕೂತು ಇಂಥ ಬೇಡಿಕೆಗಳನ್ನು ಓದುವವನು. ನಿಮ್ಮ ಕಂಪನಿ ಅಲ್ಲ, ಆದರೆ ಇಂಥದ್ದೇ ಕೆಲಸ.

ಮೊದಲು ಒಂದು ಮಾತು. ಬೇಡಿಕೆಗಳು ಸಾವಿರಗಟ್ಟಲೆ ಇರುತ್ತವೆ. ಮೇಲೆ ಕೂರುವುದು ಕಾನೂನು ಕೇಳಿದ ಬದಲಾವಣೆ, ಯಾವಾಗಲೂ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರ ಕಳೆದ ಕೆಲವು ವರ್ಷ ಹೇಗಿತ್ತು ನೋಡಿ. 2017ರ ಜುಲೈ 1ಕ್ಕೆ ಜಿಎಸ್‌ಟಿ. 2018ರ ಏಪ್ರಿಲ್ 1ರಿಂದ ರಾಜ್ಯದ ಒಳಗಿನ ಸಾಗಣೆಗೂ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಪಡೆಯುವ ಚೀಟಿ), ಅದರಲ್ಲಿ ಕರ್ನಾಟಕವೇ ಮೊದಲು. ಆಮೇಲೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಗೆ ಅಂತ ಶುರುವಾಗಿದ್ದು 100, 50, 20, 10 ಅಂತ ಇಳಿಯುತ್ತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಒಂದೊಂದು ಮೆಟ್ಟಿಲು ಇಳಿದಾಗಲೂ ಹೊಸ ಗ್ರಾಹಕರು, ಹೊಸ ಗೊಂದಲ, ಹೊಸ ಫೋನ್ ಕಾಲ್. 2025ರಲ್ಲಂತೂ ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ದರ ಬದಲಾಯಿಸಿತು, 22ಕ್ಕೆ ಜಾರಿ. ಮೂರು ವಾರವೂ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಆಫೀಸಿನಲ್ಲಿ ಬೇರೆ ಯಾವ ಕೆಲಸವನ್ನೂ ಯಾರೂ ಮುಟ್ಟಲಿಲ್ಲ.

ಕಾನೂನಿನ ಕೆಲಸ ಮುಗಿದ ಮೇಲೆ ಉಳಿದ ಸಮಯಕ್ಕೆ ಜಗಳ. ದೊಡ್ಡ ಗ್ರಾಹಕ "ಇದು ಇಲ್ಲದಿದ್ದರೆ ರಿನ್ಯೂ ಮಾಡಲ್ಲ" ಅಂದರೆ ಅದು ಮೇಲೆ ಬರುತ್ತದೆ. ಮಾರ್ಕೆಟಿಂಗ್‌ನವರಿಗೆ ಹೊಸಬರಿಗೆ ತೋರಿಸಲು ಏನಾದರೂ ಬೇಕು. ಬಣ್ಣ ಬದಲಾಗುವುದು ಅದಕ್ಕೇ. ಈಗಾಗಲೇ ಎಎಂಸಿ ಕಟ್ಟುತ್ತಿರುವ ಮಂಡಿ ಮೂರನೇ ಸಾಲಿನಲ್ಲಿ ನಿಂತಿರುತ್ತದೆ. ಚೆನ್ನಾಗಿಲ್ಲ, ಆದರೆ ಇರುವುದು ಹೀಗೆ.

ಉಳಿದದ್ದಕ್ಕೆ ಒಂದು ಲೆಕ್ಕ ಹಾಕುತ್ತಾರೆ. ಎಷ್ಟು ಜನಕ್ಕೆ ಉಪಯೋಗ, ಎಷ್ಟು ಉಪಯೋಗ, ಮಾಡಲು ಎಷ್ಟು ಕೆಲಸ. ಮೊದಲ ಎರಡನ್ನು ಗುಣಿಸಿ ಮೂರನೆಯದರಿಂದ ಭಾಗಿಸುತ್ತಾರೆ. ಅಂಕಿ ಬರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ 'ಎಷ್ಟು ಜನಕ್ಕೆ' ಅನ್ನುವುದು ಅವರ ಊಹೆ. ದಾವಣಗೆರೆ, ಹಾವೇರಿ ಕಡೆ ಎಷ್ಟು ಮಂಡಿಗಳಲ್ಲಿ ಮೆಕ್ಕೆಜೋಳ ಬರುತ್ತದೆ ಅಂತ ಅವರಿಗೆ ಯಾರೂ ಹೇಳಿರಲ್ಲ. ಹಾಗಾಗಿ ಅಲ್ಲಿ '1' ಅಂತ ಬರೆದಿರುತ್ತದೆ.

ಅಕ್ಕಿ_ಗಿರಣಿ (ದಾವಣಗೆರೆ)

ಇದಕ್ಕೆ ನಮ್ಮದೇ ಉದಾಹರಣೆ ಇದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಎಲ್ಲರೂ 26 ಕೆಜಿ ಚೀಲಕ್ಕೆ ಬಂದರು, ನೆನಪಿದೆಯಲ್ಲ? ನಮ್ಮ ಸಾಫ್ಟ್‌ವೇರ್‌ನಲ್ಲಿ ಚೀಲದ ಅಳತೆ ಐದು, ಹತ್ತು, ಇಪ್ಪತ್ತೈದು, ಐವತ್ತು ಅಂತ ಕಂಪನಿಯವರೇ ಕೂರಿಸಿದ್ದರು. ನಾವೇ ಸೇರಿಸಲು ಆಗುತ್ತಿರಲಿಲ್ಲ. 20 ಕೆಜಿ ಸೇರಿಸಿ ಅಂತ ಅದಕ್ಕೂ ಮೊದಲು ಎಷ್ಟು ಸಲ ಕೇಳಿದ್ದೆವೋ, ಯಾರೂ ತಿರುಗಿ ನೋಡಿರಲಿಲ್ಲ. 26 ಮಾತ್ರ ಕೂಡಲೇ ಬಂತು! ಗಂಗಾವತಿ, ಸಿಂಧನೂರು, ಇಲ್ಲಿ, ಎಲ್ಲ ಕಡೆಯ ಗಿರಣಿಯವರೂ ಒಂದೇ ವಾರದಲ್ಲಿ ಫೋನ್ ಮಾಡಿದ್ದರಂತೆ.

ಕೊನೆಗೆ ಮಾಡಿದ್ದು ಏನು ಗೊತ್ತಾ? ಚೀಲದ ಅಳತೆ ನಾವೇ ಟೈಪ್ ಮಾಡುವ ಹಾಗೆ ಬಿಟ್ಟರು. ಇದನ್ನು ಮೊದಲೇ ಮಾಡಿದ್ದರೆ 20ಕ್ಕೂ ಕೇಳಬೇಕಿರಲಿಲ್ಲ.

ಕೋಟೆ_ಕೋಡರ್

ಇದು ಒಳ್ಳೆಯ ಉದಾಹರಣೆ ಸರ್. 20 ಅಂತ ಕೇಳಿದಾಗ ಅವರಿಗೆ ಕಂಡಿದ್ದು ಒಬ್ಬರ ಬೇಡಿಕೆ. ನಿಜವಾದ ತೊಂದರೆ ಅಳತೆಗಳನ್ನು ಕಂಪನಿಯವರೇ ಕೂರಿಸಿದ್ದು. ಅದು ಯಾರಿಗೂ ಹೊಳೆಯಲಿಲ್ಲ. ಕಾರಣ, ಯಾವ ಟಿಕೆಟ್‌ನಲ್ಲೂ ತೊಂದರೆ ಬರೆದಿರಲಿಲ್ಲ, ಬರೀ ಪರಿಹಾರ ಬರೆದಿತ್ತು.

ಸುಮ್ನೆ_ಓದೋನು

ದೊಡ್ಡ ಕಂಪನಿಗಳಲ್ಲಿ ವೋಟ್ ಹಾಕೋ ವ್ಯವಸ್ಥೆ ಇರುತ್ತಲ್ಲ. ಜಾಸ್ತಿ ವೋಟ್ ಬಿದ್ದಿದ್ದು ಮಾಡ್ತಾರೆ. ಇವರೂ ಅದನ್ನೇ ಇಡಲಿ.

ಕೋಟೆ_ಕೋಡರ್

ವೋಟ್ ಬಿದ್ದದ್ದೆಲ್ಲ ಮಾಡುತ್ತಾರೆ ಅಂದುಕೊಳ್ಳಬೇಡಿ. ಅಟ್ಲಾಸಿಯನ್ ಅನ್ನುವ ಸಾಫ್ಟ್‌ವೇರ್ ಕಂಪನಿಯ ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ) ಉತ್ಪನ್ನಗಳಲ್ಲಿ ಗ್ರಾಹಕರು ತಮ್ಮದೇ ವೆಬ್ ವಿಳಾಸ ಬಳಸುವಂತಾಗಬೇಕು ಅಂತ 2011ರಲ್ಲಿ ಒಂದು ಬೇಡಿಕೆ ಬಂತು. ವೋಟ್ ಬೀಳುತ್ತಲೇ ಹೋಯಿತು. ಹತ್ತು ವರ್ಷ ದಾಟಿದ ಮೇಲೂ ಅದು ತೆರೆದೇ ಇತ್ತು. ಮೈಕ್ರೋಸಾಫ್ಟ್ ಬಹಳ ವರ್ಷ ಯೂಸರ್‌ವಾಯ್ಸ್ ಅನ್ನುವ ಹೊರಗಿನ ಸೇವೆಯಲ್ಲಿ ವೋಟ್ ಹಾಕಿಸಿಕೊಂಡಿತು. 2021ರಲ್ಲಿ ಅದನ್ನು ಬಿಟ್ಟು ತನ್ನದೇ ಪೋರ್ಟಲ್‌ಗೆ ಹೋಯಿತು.

ಫೈರ್‌ಫಾಕ್ಸ್ ಬ್ರೌಸರ್ ಕಥೆ ಇನ್ನೂ ಮಜಾ ಇದೆ. ಟ್ಯಾಬ್‌ಗಳನ್ನು ಗುಂಪು ಮಾಡುವ ಸೌಲಭ್ಯ 2011ರಲ್ಲೇ ಅದರಲ್ಲಿತ್ತು. ಬಳಸುವವರು ತೀರಾ ಕಡಿಮೆ ಅಂತ 2016ರಲ್ಲಿ ತೆಗೆದುಹಾಕಿದರು. ಆಮೇಲೆ ಅವರದೇ ಸಲಹೆಗಳ ತಾಣದಲ್ಲಿ ಸಾವಿರಾರು ಜನ ಕೇಳಿದ್ದು ಅದನ್ನೇ. 2025ರಲ್ಲಿ ಹೊಸದಾಗಿ ಮಾಡಿ ಕೊಟ್ಟರು. ಬಳಕೆಯ ಅಂಕಿ ಒಂದು ಹೇಳಿತು, ವೋಟ್ ಇನ್ನೊಂದು ಹೇಳಿತು. ಹಳೆಯದು ಹುಡುಕಿದರೂ ಸಿಗದ ಹಾಗೆ ಇತ್ತು ಅನ್ನುವುದು ಬಳಕೆಯ ಅಂಕಿಯಲ್ಲಿ ಕಾಣಲ್ಲ ಅಲ್ವಾ?

ಇನ್ನು ವೋಟ್ ಹಾಕುವವರು ಯಾರು? ಕಂಪ್ಯೂಟರ್ ಮುಂದೆ ಇಡೀ ದಿನ ಕೂರುವವರು, ಇಂಗ್ಲಿಷ್ ಬರೆಯುವವರು. ಮಂಡಿ ಗುಮಾಸ್ತರು ಹರಾಜು ಬಿಟ್ಟು ವೋಟ್ ಹಾಕಲು ಹೋಗುತ್ತಾರಾ?

ಜಗಳೂರು_ಹೊಲ

ನಾನು ವ್ಯಾಪಾರಿ ಅಲ್ಲ, ಮೆಕ್ಕೆಜೋಳ ಬೆಳೆಯುವವನು. ಮೊದಲ ಬೇಡಿಕೆ ದಯವಿಟ್ಟು ಮಾಡಿಸಿ. ತೇವ ಎಷ್ಟು ಬಂತು, ಎಷ್ಟು ಕಳೆದರು ಅಂತ ಪಟ್ಟಿಯಲ್ಲಿ ಬರೆದುಕೊಟ್ಟರೆ ಅರ್ಧ ಜಗಳ ಇರಲ್ಲ. ಈಗ ಬಾಯಿಮಾತು. ಒಂದು ಅಂಗಡಿಯಲ್ಲಿ 17 ತೋರಿಸಿದ್ದು ಪಕ್ಕದ ಅಂಗಡಿಯಲ್ಲಿ 19 ತೋರಿಸುತ್ತದೆ. ಸಾಫ್ಟ್‌ವೇರ್ ಕಂಪನಿಯವರಿಗೆ ಗ್ರಾಹಕ ಅಂದರೆ ಮಂಡಿಯವರು. ಆ ಚೀಟಿ ಹಿಡಿದು ಮನೆಗೆ ಹೋಗುವವರು ನಾವು. ನಮ್ಮನ್ನು ಯಾರು ಕೇಳುತ್ತಾರೆ?

ಮಂಡಿ_ಲೆಕ್ಕ

ನೀವು ಹೇಳಿದ್ದನ್ನು ಮೇಲ್‌ನಲ್ಲಿ ಹಾಗೇ ಹಾಕುತ್ತೇನೆ ಅಣ್ಣ.

ತೆರಿಗೆ_ಮೇಡಂ (ಚಿತ್ರದುರ್ಗ)

ಕಂಪನಿಯವರ ಪರವಾಗಿಯೂ ಒಂದು ಮಾತು. ನನ್ನ ಕ್ಲೈಂಟ್‌ಗಳು ಅತಿ ಹೆಚ್ಚು ಕೇಳುವ 'ಸುಧಾರಣೆ' ಯಾವುದು ಗೊತ್ತಾ? "ಹಿಂದಿನ ತಾರೀಕಿನ ಎಂಟ್ರಿ ತಿದ್ದಿದರೆ ಗುರುತು ಉಳಿಯಬಾರದು." 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ಬರುವ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು. ಅದನ್ನು ಆಫ್ ಮಾಡುವ ಅವಕಾಶವೂ ಇರಬಾರದು. ನಮ್ಮೂರಿನ ಹೆಚ್ಚಿನ ಅಂಗಡಿಗಳು ಪ್ರೊಪ್ರೈಟರ್ ಅಥವಾ ಪಾಲುದಾರಿಕೆ, ಅವಕ್ಕೆ ಆ ನಿಯಮ ಇಲ್ಲ. ಆದರೂ ಗುರುತು ಇರುವುದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ, ಅವರು ಮುಖ ಸಿಂಡರಿಸುತ್ತಾರೆ. ಇಂಥ ಬೇಡಿಕೆಗೆ ಕಂಪನಿ ಕಿವುಡಾಗಿದ್ದರೆ ನಾನಂತೂ ಸಂತೋಷಪಡುತ್ತೇನೆ.

ನನ್ನ ತಕರಾರು ಬೇರೆ. 'ಇಲ್ಲ' ಅಂತ ಹೇಳಲಿ. ಯಾಕೆ ಇಲ್ಲ ಅಂತ ಎರಡು ಸಾಲು ಬರೆಯಲಿ. "ನೋಟ್ ಮಾಡ್ಕೊಂಡಿದ್ದೀವಿ" ಅನ್ನುವುದಿದೆಯಲ್ಲ, ಅದರಿಂದ ಜನ ಕಾಯುತ್ತಾ ಕೂರುತ್ತಾರೆ. ನೇರವಾಗಿ ಇಲ್ಲ ಅಂದರೆ ಎಕ್ಸೆಲ್‌ನಲ್ಲೋ ಪುಸ್ತಕದಲ್ಲೋ ಬೇರೆ ದಾರಿ ಮಾಡಿಕೊಳ್ಳುತ್ತಾರೆ.

ಡೀಲರ್_ಪಿಜೆ

ಮೇಡಂ, ಇಲ್ಲ ಅಂದರೆ ಮುಂದಿನ ವರ್ಷ ರಿನ್ಯೂ ಮಾಡಲ್ಲ ಅನ್ನುವ ಭಯ ಅವರಿಗೆ. ಅದಕ್ಕೇ ಯಾರೂ ಇಲ್ಲ ಅನ್ನಲ್ಲ.

ತೆರಿಗೆ_ಮೇಡಂ (ಚಿತ್ರದುರ್ಗ)

ಸುಳ್ಳು ಆಸೆ ಇಟ್ಟುಕೊಂಡು ರಿನ್ಯೂ ಮಾಡಿದವರು ಆಮೇಲೆ ಊರೆಲ್ಲ ಬೈದುಕೊಂಡು ತಿರುಗುತ್ತಾರೆ. ಅದರ ಲೆಕ್ಕ ಯಾರು ಹಾಕಿದ್ದಾರೆ?

ಬೆಣ್ಣೆದೋಸೆ_ಬಿಲ್ (ದಾವಣಗೆರೆ)

ಎರಡನೇ ಬೇಡಿಕೆ ಬಗ್ಗೆ ಯಾರೂ ಮಾತಾಡಲಿಲ್ಲ. ಕನ್ನಡ ಪ್ರಿಂಟ್ ಏನು ಅಷ್ಟು ಕಷ್ಟ? ಮೊಬೈಲ್‌ನಲ್ಲಿ ಕನ್ನಡ ಬರುತ್ತೆ, ವಾಟ್ಸಾಪ್‌ನಲ್ಲಿ ಬರುತ್ತೆ. ಬಿಲ್‌ನಲ್ಲಿ ಮಾತ್ರ ಬರಲ್ಲ ಅಂದರೆ ಸೋಮಾರಿತನ ಅಲ್ವಾ? ನಮ್ಮ ಹೋಟೆಲ್‌ನಲ್ಲೂ ಇದೇ ಗೋಳು. ಕನ್ನಡ ಹಾಕಿದರೆ ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತದೆ.

ಕೋಟೆ_ಕೋಡರ್

ಸ್ವಲ್ಪ ಸೋಮಾರಿತನ, ಸ್ವಲ್ಪ ನಿಜವಾದ ಕಷ್ಟ. ನೀವು ಬಳಸುವುದು ಥರ್ಮಲ್ ಪ್ರಿಂಟರ್ ತಾನೇ? ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಅಕ್ಷರದ ಆಕಾರಗಳು ಪ್ರಿಂಟರ್ ಒಳಗೇ ಇರುತ್ತವೆ. ಕಂಪ್ಯೂಟರ್ ಬರೀ 'ಎ', 'ಬಿ' ಅಂತ ಸಂಕೇತ ಕಳಿಸುತ್ತದೆ, ಪ್ರಿಂಟರ್ ತನ್ನ ಹತ್ತಿರ ಇರುವ ಆಕಾರ ಹೊಡೆಯುತ್ತದೆ. ಅದರೊಳಗೆ ಇಂಗ್ಲಿಷ್ ಇರುತ್ತದೆ, ಕನ್ನಡ ಇರಲ್ಲ. ಇದ್ದರೂ ಒತ್ತಕ್ಷರ ಎಲ್ಲಿ ಕೂರಬೇಕು ಅಂತ ಅದಕ್ಕೆ ಗೊತ್ತಾಗಲ್ಲ.

ದಾರಿ ಇದೆ. ಇಡೀ ಬಿಲ್ಲನ್ನು ಕಂಪ್ಯೂಟರೇ ಚಿತ್ರವಾಗಿ ಮಾಡಿ ಚುಕ್ಕೆ ಚುಕ್ಕೆಯಾಗಿ ಕಳಿಸಬೇಕು. ಎರಡು ಇಂಚಿನ ರೋಲ್ ಅಂದರೆ 58 ಮಿ.ಮೀ., ಅದರಲ್ಲಿ ಅಡ್ಡಕ್ಕೆ ಸಿಗುವುದು ಸಾಮಾನ್ಯವಾಗಿ 384 ಚುಕ್ಕೆ. ಅಷ್ಟರಲ್ಲಿ ಹೆಸರು, ತೂಕ, ದರ, ಮೊತ್ತ ಎಲ್ಲ ಕೂರಬೇಕು. 'ಮೆಕ್ಕೆಜೋಳ' ಅನ್ನುವುದರಲ್ಲಿ ಕ ಒತ್ತು ಕೆಳಗೆ ಇಳಿಯುವುದರಿಂದ ಪ್ರತಿ ಸಾಲಿಗೂ ಎತ್ತರ ಜಾಸ್ತಿ ಬೇಕು, ಪೇಪರ್ ಜಾಸ್ತಿ ಹೋಗುತ್ತದೆ. ಹಳೇ ಪ್ರಿಂಟರ್‌ನಲ್ಲಿ ನಿಧಾನವೂ ಆಗುತ್ತದೆ. ಬೆಳಿಗ್ಗೆ ದೋಸೆಗೆ ಜನ ನಿಂತಿರುವಾಗ ನಿಧಾನ ಆದರೆ ನೀವೇ ಬೈಯುತ್ತೀರಿ.

ಮಾಡಲು ಆಗದ ಕೆಲಸ ಅಲ್ಲ. ಆದರೆ ಮಾಡಿದ ಮೇಲೆ ಮುಗಿಯಲ್ಲ. ಹೊಸ ಸೌಲಭ್ಯ ಅಂದರೆ ಎಮ್ಮೆ ಕೊಂಡ ಹಾಗೆ. ಕೊಂಡ ದಿನದ ಖರ್ಚು ಒಂದೇ ಸಲ, ಮೇವು ದಿನಾ ಹಾಕಬೇಕು. ಪ್ರತಿ ಹೊಸ ಪ್ರಿಂಟರ್ ಮಾಡೆಲ್‌ಗೂ, ಪ್ರತಿ ವಿಂಡೋಸ್ ಅಪ್‌ಡೇಟ್‌ಗೂ ಮತ್ತೆ ಪರೀಕ್ಷೆ ಮಾಡಬೇಕು. ಕಂಪನಿ ಹೆದರುವುದು ಅದಕ್ಕೆ.

ಮಂಡಿಯಲ್ಲಿ ಎ4 ಲೇಸರ್ ಪ್ರಿಂಟರ್ ಇದ್ದರೆ ಮಾತೇ ಬೇರೆ. ಅಲ್ಲಿ ಯೂನಿಕೋಡ್ ಕನ್ನಡ, ಅಂದರೆ ಮೊಬೈಲ್‌ನಲ್ಲಿ ಬರುವಂಥದ್ದೇ, ಸುಲಭ. ಅದಕ್ಕೂ ಕಷ್ಟ ಅಂದರೆ ಬರೀ ಸೋಮಾರಿತನ.

ಮಂಡಿ_ಲೆಕ್ಕ

ನಮ್ಮಲ್ಲಿರುವುದು ಎ4 ಲೇಸರ್ರೇ. ನೋಡಿ, ಇದನ್ನು ಇಲ್ಲಿವರೆಗೆ ಯಾರೂ ಕೇಳಿಯೇ ಇಲ್ಲ.

ಚಳ್ಳಕೆರೆ_ಎಣ್ಣೆ

ನಾವು ಮಾಡಿಸಿಕೊಂಡಿದ್ದೇವೆ. ಹೇಗೆ ಅಂತ ಹೇಳುತ್ತೇನೆ.

ನಮ್ಮದು ಶೇಂಗಾ ಎಣ್ಣೆ ಮಿಲ್. ಶೇಂಗಾ ಬರುವುದು ಕ್ವಿಂಟಲ್ ಲೆಕ್ಕದಲ್ಲಿ, ಎಣ್ಣೆ ಟ್ಯಾಂಕ್‌ನಲ್ಲಿ ಕೆಜಿ ಲೆಕ್ಕ, ಹೊರಗೆ ಹೋಗುವುದು ಕೆಲವು ಲೀಟರ್, ಕೆಲವು ಕೆಜಿ. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 15 ಲೀಟರ್ ಟಿನ್ ಅಂದರೆ ಹದಿಮೂರೂವರೆ ಕೆಜಿ ಮೇಲೆ ಸ್ವಲ್ಪ, 15 ಕೆಜಿ ಟಿನ್ ಬೇರೆ. ಸಾಫ್ಟ್‌ವೇರ್‌ನಲ್ಲಿ ಒಂದು ಮಾಲಿಗೆ ಒಂದೇ ಅಳತೆ. ಹಾಗಾಗಿ ಸ್ಟಾಕ್ ಯಾವತ್ತೂ ತಾಳೆ ಆಗುತ್ತಿರಲಿಲ್ಲ.

ಒಬ್ಬೊಬ್ಬರೇ ಕೇಳಿದಾಗ ಆಗಲಿಲ್ಲ. ಅದೇ ಸಾಫ್ಟ್‌ವೇರ್ ಇರುವ ಮಿಲ್‌ನವರು ಸೇರಿ ಒಂದೇ ಪತ್ರ ಬರೆದೆವು. ಪತ್ರದ ಜೊತೆ ಎಲ್ಲರ ಲೈಸೆನ್ಸ್ ನಂಬರ್ ಹಾಕಿದೆವು. ಇದು ಮುಖ್ಯ. ಬರೀ ಹೆಸರು ಹಾಕಿದರೆ ಅವರಿಗೆ ಅದು ಜನ. ಲೈಸೆನ್ಸ್ ನಂಬರ್ ಹಾಕಿದರೆ ರಿನ್ಯೂವಲ್ ದುಡ್ಡು. ಕಂಪನಿಯವರು ಫೋನ್ ಮಾಡಿ, ಮಾಡಿಕೊಡುತ್ತೇವೆ, ಖರ್ಚಿನಲ್ಲಿ ಪಾಲು ಕೊಡಿ ಅಂದರು. ಹಂಚಿಕೊಂಡೆವು.

ಷರತ್ತು ಹಾಕಿದ್ದೆವು. ನಮಗಾಗಿ ಬೇರೆ ಕಾಪಿ ಬೇಡ, ಎಲ್ಲರಿಗೂ ಹೋಗುವ ಮುಖ್ಯ ಸಾಫ್ಟ್‌ವೇರ್‌ನಲ್ಲೇ ಬರಬೇಕು. ಅರ್ಧ ದುಡ್ಡು ನಾವು ಮಿಲ್‌ನಲ್ಲಿ ಓಡಿಸಿ ನೋಡಿದ ಮೇಲೆ. ನಮ್ಮಲ್ಲೊಬ್ಬರು "ದುಡ್ಡು ಕೊಟ್ಟಿದ್ದು ನಾವು, ಬೇರೆ ಮಿಲ್‌ನವರಿಗೆ ಪುಕ್ಕಟೆ ಯಾಕೆ?" ಅಂತ ಹಟ ಹಿಡಿದರು. ಕಂಪನಿ ಅದಕ್ಕೆ ಒಪ್ಪಲಿಲ್ಲ. ನನಗೂ ಕಂಪನಿಯವರದ್ದೇ ಸರಿ ಅನ್ನಿಸಿತು. ಎಲ್ಲರೂ ಬಳಸಿದರೆ ತಾನೇ ಕೆಟ್ಟಾಗ ಬೇಗ ರಿಪೇರಿ ಆಗೋದು?

ಅಕ್ಕಿ_ಗಿರಣಿ (ದಾವಣಗೆರೆ)

'ಬೇರೆ ಕಾಪಿ ಬೇಡ' ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಬೀಗರು ತಮಗೆ ಅಂತಲೇ ಬದಲಾಯಿಸಿದ ಕಾಪಿ ಮಾಡಿಸಿದರು. ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟು ಹೋದ. ಈಗ ಹೊಸ ವರ್ಷನ್ ಹಾಕಿದರೆ ಬದಲಾವಣೆ ಹೋಗುತ್ತದೆ, ಹಾಕದಿದ್ದರೆ ಹೊಸ ಜಿಎಸ್‌ಟಿ ನಿಯಮ ಬರಲ್ಲ.

ಡೀಲರ್_ಪಿಜೆ

ಟ್ಯಾಲಿಯಂಥದ್ದರಲ್ಲಿ ಟಿಡಿಎಲ್ ಅಂತ ಇದೆ. ಮೂಲ ಸಾಫ್ಟ್‌ವೇರ್ ಮುಟ್ಟದೆ ಪಕ್ಕದಲ್ಲಿ ಫೈಲ್ ಬರೆದು ಹೊಸ ಕಾಲಂ, ಹೊಸ ರಿಪೋರ್ಟ್ ಸೇರಿಸಬಹುದು. ದಾವಣಗೆರೆಯಲ್ಲೇ ಬರೆಯುವವರಿದ್ದಾರೆ. ಇಆರ್‌ಪಿನೆಕ್ಸ್ಟ್ ಅನ್ನುವ ವ್ಯವಹಾರ ಸಾಫ್ಟ್‌ವೇರ್ ಇದೆ, ನಮ್ಮ ದೇಶದ್ದೇ, ಕೋಡ್ ಎಲ್ಲರಿಗೂ ತೆರೆದಿದೆ. ಅಲ್ಲಿ ಯಾರನ್ನೂ ಕಾಯಬೇಕಿಲ್ಲ, ಆದರೆ ಬರೆಯಲು ಬಲ್ಲವರು ಬೇಕು. ಅಂದರೆ ಯಾವುದೇ ಸಾಫ್ಟ್‌ವೇರ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ 'ಏನೇನಿದೆ' ಅಂತ ಅಲ್ಲ. 'ಇಲ್ಲದ್ದನ್ನು ಸೇರಿಸಲು ಬಾಗಿಲು ಇದೆಯಾ' ಅಂತ.

ಮಂಡಿ_ಲೆಕ್ಕ

ಎಲ್ಲರ ಮಾತು ಓದಿ ಹೀಗೆ ಬರೆದೆ. ನೋಡಿ ಹೇಳಿ:

"ನಮ್ಮ ಮಂಡಿಯಲ್ಲಿ ಸೀಸನ್‌ನಲ್ಲಿ ಬರುವ ಮಾಲಿನಲ್ಲಿ ಹೆಚ್ಚಿನದು ಮೆಕ್ಕೆಜೋಳ. ಪ್ರತಿ ಲಾಟ್‌ಗೂ ತೇವ ನೋಡಿ ಕಡಿತ ಮಾಡುತ್ತೇವೆ. ಈಗ ಕಡಿತದ ಲೆಕ್ಕ ಸಾಫ್ಟ್‌ವೇರ್ ಹೊರಗೆ ಆಗುತ್ತದೆ. ಇದರಿಂದ ಟೈಪಿಂಗ್ ತಪ್ಪುಗಳು ಬರುತ್ತವೆ, ರೈತರಿಗೆ ದಾಖಲೆ ಸಿಗುವುದಿಲ್ಲ, ಜಗಳವಾಗುತ್ತದೆ. ಇದೇ ಸಾಫ್ಟ್‌ವೇರ್ ಬಳಸುವ ಯಾರ್ಡ್‌ನ ಇತರ ಮಂಡಿಗಳ ಲೈಸೆನ್ಸ್ ನಂಬರ್ ಕೆಳಗಿದೆ. ನಾವು ಎ4 ಲೇಸರ್ ಪ್ರಿಂಟರ್ ಬಳಸುತ್ತೇವೆ. ಪಟ್ಟಿ ಕನ್ನಡದಲ್ಲಿ ಬೇಕು. ಎರಡರಲ್ಲಿ ಯಾವುದು ಆಗುತ್ತದೆ, ಯಾವುದು ಆಗಲ್ಲ, ಬರೆದು ತಿಳಿಸಿ."

ಕೋಟೆ_ಕೋಡರ್

ತುಂಬಾ ಚೆನ್ನಾಗಿದೆ. ಒಂದು ಕೊರತೆ ಇದೆ. ಕಡಿತ ಹೇಗೆ ಮಾಡುತ್ತೀರಿ ಅಂತ ಬರೆದಿಲ್ಲ. ಅವರು ಮೊದಲು ಕೇಳುವುದೇ ಅದನ್ನು. ಸರ್ಕಾರಿ ಖರೀದಿಯಲ್ಲಿ ಶೇ. 14 ತೇವದವರೆಗೆ ತೆಗೆದುಕೊಳ್ಳುತ್ತಾರೆ. ನೀವೂ ಅದನ್ನೇ ಹಿಡಿದರೆ, 18 ತೇವ ಇರುವ ಒಂದು ಕ್ವಿಂಟಲ್‌ಗೆ ಎಷ್ಟು ಕಳೆಯುತ್ತೀರಿ? ನಾಲ್ಕು ಕೆಜಿನಾ?

ನಿಜವಾದ ಲೆಕ್ಕದಲ್ಲಿ ಅದು ನಾಲ್ಕಲ್ಲ. 100 ಕೆಜಿಯಲ್ಲಿ 18 ನೀರು, 82 ಒಣ ಕಾಳು. ಆ 82 ಕೆಜಿ, ಶೇ. 14 ತೇವ ಇರುವ ಮಾಲಿನಲ್ಲಿ ನೂರಕ್ಕೆ 86 ಪಾಲು ಆಗಬೇಕು. 82ನ್ನು 0.86ರಿಂದ ಭಾಗಿಸಿದರೆ 95.35 ಕೆಜಿ. ಅಂದರೆ ಕಡಿತ 4.65.

ಮಂಡಿ_ಲೆಕ್ಕ

ನಾವು ಪಾಯಿಂಟ್‌ಗೆ, ಅಂದರೆ 14ರ ಮೇಲಿನ ಒಂದೊಂದು ಶೇಕಡಾ ತೇವಕ್ಕೆ, ಕ್ವಿಂಟಲ್‌ಗೆ ಒಂದು ಕೆಜಿ ಹಿಡಿಯುತ್ತೇವೆ. 18 ಇದ್ದರೆ ನಾಲ್ಕು.

ಅಕ್ಕಿ_ಗಿರಣಿ (ದಾವಣಗೆರೆ)

ನನ್ನ ತಮ್ಮ ಕೋಳಿ ಫೀಡ್‌ಗೆ ಮೆಕ್ಕೆಜೋಳ ಕೊಳ್ಳುತ್ತಾನೆ. ಅವನು ತೂಕ ಮುಟ್ಟಲ್ಲ, ರೇಟಿನಲ್ಲಿ ಕಡಿಮೆ ಮಾಡುತ್ತಾನೆ.

ಜಗಳೂರು_ಹೊಲ

ನಮ್ಮ ಕಡೆ ಕೆಲವರು 17 ದಾಟಿದರೆ ಒಂದೂವರೆ ಕೆಜಿ ಹಿಡಿಯುತ್ತಾರೆ. ಯಾವ ಲೆಕ್ಕವೋ ದೇವರಿಗೇ ಗೊತ್ತು.

ಕೋಟೆ_ಕೋಡರ್

ನೋಡಿ, ಒಂದು ಯಾರ್ಡ್ ಸುತ್ತಮುತ್ತಲೇ ಇಷ್ಟು ಬಗೆ! ಕಂಪನಿಯವರು ನಾಳೆ ಒಂದು ಸೂತ್ರ ಕೂರಿಸಿಕೊಟ್ಟರೆ ಉಳಿದವರೆಲ್ಲ ಬೈಯುತ್ತಾರೆ. ಅಕ್ಕಿ ಚೀಲದ ಕಥೆಯೇ ಮತ್ತೆ ಆಗುತ್ತದೆ. ಸೂತ್ರ ಕೇಳಬೇಡಿ. ತೇವ ಬರೆಯಲು ಒಂದು ಜಾಗ, ಕಡಿತ ಬರೆಯಲು ಒಂದು ಜಾಗ, ಪಾಯಿಂಟ್‌ಗೆ ಎಷ್ಟು ಅಂತ ಮಂಡಿಯವರೇ ಇಟ್ಟುಕೊಳ್ಳುವ ಸೆಟ್ಟಿಂಗ್, ತೂಕದಲ್ಲೋ ರೇಟಿನಲ್ಲೋ ಅನ್ನುವ ಆಯ್ಕೆ. ಇವನ್ನು ಕೇಳಿ.

ತೆರಿಗೆ_ಮೇಡಂ (ಚಿತ್ರದುರ್ಗ)

ಮೂಲ ತೂಕವೂ ಪಟ್ಟಿಯಲ್ಲಿ ಉಳಿಯಬೇಕು, ಅದನ್ನೂ ಸೇರಿಸಿ. ಕಳೆದು ಉಳಿದದ್ದು ಮಾತ್ರ ಇದ್ದರೆ ತೂಕದ ಚೀಟಿಗೂ ಪಟ್ಟಿಗೂ ತಾಳೆ ಆಗಲ್ಲ. ಕಡಿತ ಬರೆದಿಟ್ಟ ಮೇಲೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ಮಂಡಿಯವರೇ, ಅದಕ್ಕೂ ಸಿದ್ಧವಾಗಿರಿ.

ಮಂಡಿ_ಲೆಕ್ಕ

ಮೇಲ್ ಕಳಿಸಿದೆ. ಈ ಸಲ ಉತ್ತರ ಬಂದಿದೆ, ಅದೂ ಪ್ರಾಡಕ್ಟ್ ವಿಭಾಗದಿಂದ. ಕನ್ನಡ ಪ್ರಿಂಟ್ ಈ ವರ್ಷ ಆಗಲ್ಲ ಅಂತ ನೇರವಾಗಿ ಬರೆದಿದ್ದಾರೆ. ಅವರ ಪ್ರಿಂಟ್ ಭಾಗವೇ ಹಳೆಯದು, ಯೂನಿಕೋಡ್ ಹಿಡಿಯಲ್ಲವಂತೆ, ಪೂರ್ತಿ ಬದಲಾಯಿಸಬೇಕಂತೆ. ಬೇಜಾರಾಯಿತು, ಆದರೆ ಗೊತ್ತಾಯಿತು. ಸದ್ಯಕ್ಕೆ ಕನ್ನಡ ತಲೆಬರಹ ಇರುವ ಹಾಳೆ ಪ್ರೆಸ್‌ನಲ್ಲಿ ಅಚ್ಚು ಹಾಕಿಸಿ, ಅದರ ಮೇಲೆ ಅಂಕಿ ಹೊಡೆಯುತ್ತೇವೆ.

ತೇವದ ವಿಷಯಕ್ಕೆ ಬೇರೆ ಬೇರೆ ಮಂಡಿಗಳ ಪಟ್ಟಿ ಮಾದರಿ ಕೇಳಿದ್ದಾರೆ. ಹಾವೇರಿ, ರಾಣೆಬೆನ್ನೂರು ಕಡೆಯವರು ಯಾರಾದರೂ ಇದ್ದರೆ ನಿಮ್ಮಲ್ಲಿ ಹೇಗೆ ಕಳೆಯುತ್ತಾರೆ ಅಂತ ಬರೆಯಿರಿ, ಪಟ್ಟಿಯ ಫೋಟೋ ಹಾಕಿ.

ಡೀಲರ್_ಪಿಜೆ

ಫೋಟೋ ಹಾಕುವಾಗ ರೈತರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಮುಚ್ಚಿ ಹಾಕಿ. ಹಿಂದೆ ಒಬ್ಬರು ಹಾಗೇ ಹಾಕಿಬಿಟ್ಟಿದ್ದರು.